ಒಂದು ಸಲ ಬಂದು ಹೋದ ಜ್ವರ

ಅಂಜನಾಪುರದಲ್ಲಿ ನೀರಿನ ಟ್ಯಾಂಕರ್ ಓಡಿಸುವ ಚಲುವರಾಜುವಿಗೆ ಡೆಂಗಿಯ ಭಯವೇ ಇರಲಿಲ್ಲ. ಹಿಂದೊಮ್ಮೆ ಬಂದಿತ್ತು, ಒಂದು ವಾರ ಮೈಕೈ ನೋವು, ಆಮೇಲೆ ಯಥಾಪ್ರಕಾರ ಟ್ಯಾಂಕರ್. ಈ ಮಳೆಗಾಲದಲ್ಲಿ ಕುಮಾರಸ್ವಾಮಿ ಲೇಔಟಿನಲ್ಲಿದ್ದ ತಂಗಿ ಅಮ್ಮಣ್ಣಿ ಡೆಂಗಿಯಿಂದ ಮಲಗಿದಾಗ ಅವನೇ ಹೋಗಿ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ.

“ಸೊಳ್ಳೆ ಬತ್ತಿನಾದ್ರೂ ಹಚ್ಚಣ್ಣ,” ಎಂದಳು ಅವಳು.

“ನಂದು ಆಗೋಗಿದೆ ಕಣಮ್ಮ. ಒಂದ್ಸಲ ಬಂದ್ರೆ ಮುಗೀತು. ನಿಂಗೂ ಇನ್ಮೇಲೆ ಬರಲ್ಲ ಬಿಡು.”

ಅಮ್ಮಣ್ಣಿ ಎದ್ದು ಓಡಾಡತೊಡಗಿದಳು. ಚಲುವರಾಜು ಮಲಗಿದ. ಕೆಲವೇ ದಿನದಲ್ಲಿ ಜ್ವರ ಇಳಿಯಿತು. ಸದ್ಯ, ವಾಸಿಯಾಯಿತು ಎಂದುಕೊಂಡು ಟ್ಯಾಂಕರ್ ಹತ್ತಲು ಹೋದವನ ಕೈಕಾಲು ತಣ್ಣಗಾಗಿ, ಹೊಟ್ಟೆ ಕಿವುಚಿ, ಕಣ್ಣು ಕತ್ತಲೆಗಟ್ಟಿತು. ಹೆಂಡತಿ ಸಪ್ಪಲಮ್ಮ ಆಟೋದಲ್ಲಿ ಮಲಗಿಸಿಕೊಂಡು ಬನಶಂಕರಿಯ ನರ್ಸಿಂಗ್ ಹೋಮಿಗೆ ಓಡಿದಳು. ಬಿಪಿ ಪಾತಾಳಕ್ಕಿಳಿದಿತ್ತು.

ಡ್ರಿಪ್ ಹತ್ತಿ ಜೀವ ನಿಂತ ಮೇಲೆ ಅವನು ಡಾಕ್ಟರ್ ಶ್ವೇತ ಅವರನ್ನು ಮೊದಲು ಕೇಳಿದ್ದು ಇಷ್ಟೇ: “ಒಂದ್ಸಲ ಬಂದಿತ್ತಲ್ಲ ಮೇಡಂ, ಮತ್ತೆ ಹೆಂಗೆ?”

“ಡೆಂಗಿಯಲ್ಲಿ ನಾಲ್ಕು ಥರ ಇದೆ. ಇದು ಬೇರೆ ಥರದ್ದು. ಹೋದ್ಸಲದ ಜ್ವರ ತಡೆಯೋಕೆ ಅಂತ ನಿಮ್ಮ ರಕ್ತದಲ್ಲಿ ಹುಟ್ಟಿದ್ದ ಹಳೇ ಪ್ರತಿಕಾಯಗಳು ಈ ವೈರಸ್ಸಿಗೆ ಅಂಟ್ಕೊಂಡ್ವು, ಆದ್ರೆ ತಡೆಯೋಕಾಗ್ಲಿಲ್ಲ. ಹಂಗೆ ಅಂಟಿಸ್ಕೊಂಡಿದ್ದನ್ನ ನುಂಗೋಕೆ ಅಂತ್ಲೇ ಕೆಲವು ಬಿಳಿ ರಕ್ತಕಣ ಇರ್ತವೆ. ಅವು ನುಂಗಿದ್ವು. ವೈರಸ್ಸು ಸಾಯ್ಲಿಲ್ಲ, ಅವುಗಳ ಒಳಗೇ ಕೂತು ಸಾವಿರಾರು ಆಯ್ತು.”

“ಬಿಳಿ ಕಣ ಅಂದ್ರೆ ಕಾಪಾಡೋದಲ್ವಾ ಮೇಡಂ?”

“ಕಾಪಾಡೋದೇ. ಆದ್ರೆ ಎಲ್ಲಾ ಒಂದೇ ಥರ ಅಲ್ಲ. ಟಿ ಕಣ ಅಂತ ಇನ್ನೊಂದು ಜಾತಿ ಇದೆ. ಅದರೊಳಗೆ ವೈರಸ್ ಅಷ್ಟಾಗಿ ಬೆಳೆಯಲ್ಲ. ಆದ್ರೆ ಅವು ಗಾಬರಿ ಬಿದ್ದು ಎಬ್ಬಿಸೋ ಗಲಾಟೆಗೆ ರಕ್ತನಾಳ ಸೋರೋಕೆ ಶುರುವಾಗತ್ತೆ. ನಿಮ್ಮ ಬಿಪಿ ಇಳಿದಿದ್ದು ಅದಕ್ಕೇ.”

ಚಲುವರಾಜುವಿಗೆ ಈಗ ಅರ್ಥವಾಯಿತು. ಹೊರಗಿನ ಶತ್ರುವಿಗೆ ತನ್ನ ರಕ್ತವೇ ಅನ್ನ ಇಕ್ಕಿ ಸಾಕಿತ್ತು. ತಾನು ಜಂಬಪಟ್ಟ ಆ ಹಳೆಯ ಜ್ವರವೇ ಬಾಗಿಲು ತೆಗೆದಿತ್ತು. ಮರುಕ್ಷಣ ಅವನಿಗೆ ಅಮ್ಮಣ್ಣಿ ನೆನಪಾದಳು.

“ನನ್ ತಂಗಿಗೆ ಈಗ ಮೊದಲ್ನೇ ಸಲ ಬಂದಿದೆ ಮೇಡಂ.”

“ಎಲ್ರಿಗೂ ಹಿಂಗಾಗಲ್ಲ. ಆದ್ರೂ ಇನ್ಮುಂದೆ ಅವರು ಹುಷಾರಾಗಿರ್ಬೇಕು.”

ಸಪ್ಪಲಮ್ಮನ ಫೋನ್ ಕಸಿದುಕೊಂಡ. “ಅಮ್ಮಣ್ಣಿ, ನಾನು ಹೇಳಿದ್ದು ಸುಳ್ಳು ಕಣೇ,” ಎಂದ. “ಮತ್ತೆ ಬರಬೋದು. ಸೊಳ್ಳೆ ಬತ್ತಿ ಹಚ್ಚು.”

ಚೇತರಿಸಿಕೊಂಡು ಮತ್ತೆ ಟ್ಯಾಂಕರ್ ಹತ್ತಲು ತಿಂಗಳೇ ಹಿಡಿಯಿತು. ಈಗ ಮನೆಗಳ ನೆಲದಡಿಯ ತೊಟ್ಟಿಗೆ ನೀರು ತುಂಬಿಸಿದ ಮೇಲೂ ಅವನು ತಕ್ಷಣ ಗಾಡಿ ತೆಗೆಯುವುದಿಲ್ಲ. ಹಿಂದಿನ ವಾಹನಗಳು ಹಾರ್ನ್ ಹೊಡೆಯುತ್ತಲೇ ಇರುತ್ತವೆ.

“ಸಂಪಿನ ಮುಚ್ಚಳ ಹಾಕಿ ಆಂಟಿ, ಸೊಳ್ಳೆ ಮೊಟ್ಟೆ ಇಡತ್ತೆ,” ಎನ್ನುತ್ತಾನೆ. “ನೋಡ್ಕೊಂಡೇ ಹೋಗ್ತೀನಿ.”