ಕ್ಷೌರಿಕನ ದುರ್ಬೀನು

ನಮ್ಮ ಬೀದಿಯ ಕ್ಷೌರಿಕ ಮಾತಿಗೆ ನಿಂತರೆ, ಬೋಳಿಸಿದ ಗಡ್ಡ ಗಿರಾಕಿ ಕುರ್ಚಿಯಿಂದ ಏಳುವಷ್ಟರಲ್ಲಿ ಮತ್ತೆ ಬೆಳೆದಿರುತ್ತಿತ್ತು. ವಾದದಲ್ಲಿ ಅವನು ಯಾರಿಗೂ ಸೋತವನಲ್ಲ, ಹೆಂಡತಿಗೂ. ಸಂಜೆ ನೀರಿನ ಟ್ಯಾಂಕಿನ ಮೇಲೆ ಕಾಣುವ ನಕ್ಷತ್ರ ಎರಡು ಎಂದು ಅವಳು, ಒಂದೇ ಎಂದು ಇವನು, ಮದುವೆಯಾದಾಗಿನಿಂದ ಜಗಳ. ಅವಳು ತೀರಿಕೊಂಡ ಮೇಲೆ ಜಗಳವಾಡಲೂ ಜನವಿಲ್ಲದೆ, ಇತ್ಯರ್ಥವಾದರೂ ಆಗಲಿ ಎಂದು ದುರ್ಬೀನು ಕೊಳ್ಳಲು ನನ್ನನ್ನು ಎಳೆದುಕೊಂಡು ಹೊರಟ.

"ಹೂವಿನಷ್ಟು ಹಗುರ ಇರ್ಬೇಕು, ಚಂದ್ರನ ಮೇಲೆ ಇರುವೆ ಹರಿದ್ರೂ ಕಾಣ್ಬೇಕು," ಎಂದ.

"ದೊಡ್ಡದಾಗಿ ಕಂಡಷ್ಟೂ ಕೈ ನಡುಕಾನೂ ದೊಡ್ಡದಾಗುತ್ತೆ ಯಜಮಾನ್ರೇ. ಹಗುರದ್ದು ಇನ್ನೂ ಅಲ್ಲಾಡುತ್ತೆ. ಯಾರದಾದ್ರೂ ಹೆಗಲ ಮೇಲಿಟ್ಟು ನೋಡಿ," ಎಂದ ಅಂಗಡಿಯವನು.

"ನನ್ನ ಕೈ ನಡುಗೋ ಹಾಗಿದ್ರೆ ಈ ಊರಲ್ಲಿ ಒಬ್ಬನಿಗೂ ಕಿವಿ ಇರ್ತಿರ್ಲಿಲ್ಲ!" ಎಂದು ಹಗುರದ್ದನ್ನೇ ಕೊಂಡ.

ಅಂದು ಸಂಜೆ ತನ್ನ ಅಂಗಡಿಯ ಮುಂದೆ ನಿಂತು ನೋಡಿದರೆ, ನಕ್ಷತ್ರ ಕಾದ ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿತ್ತು.

"ನನ್ನ ಹೆಗಲು ಕೊಡ್ಲೇನೋ?" ಎಂದೆ.

"ನಿನ್ನದು ಬೇಡ ಬಿಡು," ಎಂದವನು ಕ್ಷೌರದ ಕುರ್ಚಿಯನ್ನು ಬಾಗಿಲಿಗೆ ಎಳೆದು, ಅದರ ಬೆನ್ನು ಹಿಂದಕ್ಕೆ ಬಾಗಿಸಿ, ತಾನೇ ಗಿರಾಕಿಯಂತೆ ಒರಗಿದ. ಮೊಣಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಊರಿದ. ನಡುಕ ನಿಂತಿತು.

"ಎಷ್ಟೋ?" ಎಂದೆ.

ಅವನು ಒಳಗೆ ಹೆಂಡತಿ ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿ, "ಎರಡೇ ಕಣೇ," ಎಂದ.

ಸ್ಟೂಲಿನ ಮೇಲೆ ಒಗೆಯಬೇಕಾದ ಟವೆಲುಗಳ ರಾಶಿ ಇತ್ತು.