ಎದುರುಮನೆ ಚಿಗವ್ವನ ಕಾಮಕಸ್ತೂರಿ ಪಾನಕ

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಒಂದು ಗಾಜಿನ ಲೋಟ ತಂದು ನನ್ನ ಮುಂದಿಟ್ಟಳು. ನೀರಿನಲ್ಲಿ ಕಪ್ಪು ಬೀಜಗಳು, ಒಂದೊಂದರ ಸುತ್ತಲೂ ತಿಳಿಯಾದ ಲೋಳೆ. ಚಿಯಾ ಬೀಜವಂತೆ, ಕೊಪ್ಪಳದ ಅಂಗಡಿಗಳಲ್ಲಿ ಈಗ ಪಾಕೀಟಿನಲ್ಲಿ ಸಿಗುತ್ತದಂತೆ. ನಿಂಬೆಹಣ್ಣು ಹಿಂಡಿ ಜೇನುತುಪ್ಪ ಬೆರೆಸಿದ್ದಾಳೆ, ಬಿಸಿಲಿಗೆ ಬಹಳ ತಂಪಂತೆ. ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ಬೀಜಗಳು ತಳಕ್ಕೂ ಇಳಿಯದೆ ಮೇಲಕ್ಕೂ ತೇಲದೆ ನಡುನೀರಿನಲ್ಲಿ ನಿಂತಿದ್ದವು. ಹೀಗೆ ನಿಂತ ಬೀಜಗಳನ್ನು ನಾನು ಮೊದಲು ಕಂಡದ್ದು ಕುಷ್ಟಗಿಯಲ್ಲಿ, ಎದುರುಮನೆ ಚಿಗವ್ವನ ಗಡಿಗೆಯಲ್ಲಿ. ಎಪ್ಪತ್ತು ವರ್ಷದ ಮೇಲಾಯಿತು...

ನನ್ನ ತವರು ಆನೆಗೊಂದಿ. ಮನೆಯ ಹಿಂದೆ ಬಾಳೆತೋಟ, ಅದರ ಹಿಂದೆ ಹೊಳೆ. ಅಲ್ಲಿಂದ ಮದುವೆಯಾಗಿ ಕುಷ್ಟಗಿಗೆ ಬಂದಾಗ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಬಾವಿ ಆಳ, ನೀರು ಸವಳು. ಹಗ್ಗ ಎಳೆದು ಎಳೆದು ಅಂಗೈ ಕೆಂಪಾಗುತ್ತಿತ್ತು. ಒಂದು ದಿನ ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಕೊಡ ಸೇದಿ ಕೊಟ್ಟಳು. ಎತ್ತರದ ಆಳು, ಗಟ್ಟಿ ಮೈ, ತುರುಬಿನಲ್ಲಿ ಒಂದು ಕುಡಿ ಕಾಮಕಸ್ತೂರಿ. ಅವಳು ಹತ್ತಿರ ಬಂದರೆ ಆ ಎಲೆಯ ವಾಸನೆ ಮೊದಲು ಬರುತ್ತಿತ್ತು. ಚಿಕ್ಕಮ್ಮನ ವಯಸ್ಸಿನವಳೆಂದು ನಾನು ಅವಳನ್ನು ಚಿಗವ್ವ ಎಂದು ಕರೆದೆ. ಆಮೇಲೆ ಗೊತ್ತಾಯಿತು, ಅವಳದು ನಮ್ಮ ಎದುರು ಮನೆ, ಮತ್ತು ನಾನು ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಕಾರಣವನ್ನು ನನ್ನ ಗಂಡನೇ ಹೇಳಿದರು. ಚಿಗವ್ವ ಮೊದಲು ನಮ್ಮ ಅತ್ತೆಯ ತಮ್ಮನ ಹೆಂಡತಿಯಾಗಿದ್ದಳು. ಆ ತಮ್ಮ ಯಲಬುರ್ಗಿ ಕಡೆಯ ಹಳ್ಳಿಯಲ್ಲಿ ವಾಂತಿಭೇದಿಯಲ್ಲಿ ತೀರಿಕೊಂಡ. ವರ್ಷ ತುಂಬುವ ಮೊದಲೇ ಅವಳ ತವರಿನವರು ಅವಳಿಗೆ ಉಡಿಕಿ ಮಾಡಿ, ಇನ್ನೊಬ್ಬನ ಕೈಹಿಡಿಸಿದರು. ಆ ಇನ್ನೊಬ್ಬ ಕುಷ್ಟಗಿಯಲ್ಲಿ ಬಾಡಿಗೆ ಬಂಡಿ ಹೊಡೆಯುವವನು, ಅದೂ ನಮ್ಮದೇ ಓಣಿಯವನು. ಉಡಿಕಿ ನಮ್ಮವರಲ್ಲಿ ತಪ್ಪೇನಲ್ಲ. ಆದರೆ ತಮ್ಮನ ನೆನಪು ಹಸಿಯಾಗಿರುವಾಗಲೇ ಅವನ ಹೆಂಡತಿ ಬೇರೊಬ್ಬನ ಬಂಡಿಯಿಂದ ಎದುರುಮನೆಗೆ ಇಳಿದದ್ದನ್ನು ಅತ್ತೆ ನುಂಗಿಕೊಳ್ಳಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಇಪ್ಪತ್ತು ವರ್ಷದ ಹತ್ತಿರವಾಗಿತ್ತು.

ಅತ್ತೆ ಕೆಟ್ಟವರೇನಲ್ಲ. ಭಿಕ್ಷೆಗೆ ಬಂದವರಿಗೂ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಡುತ್ತಿದ್ದರು. ಆದರೆ ಎದುರುಮನೆಯ ಮಾತು ಬಂದರೆ ಮುಖ ಗೋಡೆಯ ಕಡೆ ತಿರುಗುತ್ತಿತ್ತು.

ಚಿಗವ್ವನ ಬಚ್ಚಲ ನೀರು ಹರಿಯುವ ಕಡೆ ಕಾಮಕಸ್ತೂರಿ ಗಿಡಗಳು ಪೊದೆಯಾಗಿ ಬೆಳೆದಿದ್ದವು. ತೆನೆ ಒಣಗಿದಾಗ ಅವಳು ಅವನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಎಳ್ಳಿಗಿಂತ ಸಣ್ಣ ಕರಿ ಬೀಜಗಳನ್ನು ತೆಗೆದು ಇಟ್ಟುಕೊಳ್ಳುತ್ತಿದ್ದಳು. ಬೇಸಿಗೆ ಬಂದಿತೆಂದರೆ ಅವಳ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಗಡಿಗೆ ಕೂಡುತ್ತಿತ್ತು. ಯುದ್ಧದ ಕಾಲ, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಬೆಲ್ಲ ಕರಗಿಸಿದ ನೀರು, ನಿಂಬೆಹುಳಿ, ಚಿಟಿಕೆ ಒಣಶುಂಠಿ, ಅದರಲ್ಲಿ ನೆನೆದು ಉಬ್ಬಿದ ಬೀಜ. ಬಿಸಿಲಲ್ಲಿ ಬಂದ ಬಂಡಿಯವರು, ಹೊಲದಿಂದ ತಿರುಗಿದ ಹೆಂಗಸರು ಎಲ್ಲರೂ ಅಲ್ಲಿ ಒಂದು ಗಳಿಗೆ ನಿಂತು ಕುಡಿದು ಹೋಗುತ್ತಿದ್ದರು. ಓಣಿಯಲ್ಲಿ ಅದನ್ನು ಕುಡಿಯದವರು ನಮ್ಮ ಮನೆಯವರು ಮಾತ್ರ.

ಮರುಬೇಸಿಗೆಯಲ್ಲಿ ನನಗೆ ದಿನ ನಿಂತಿತು. ಮೊದಲ ಬಸಿರು. ವಾಂತಿ ಶುರುವಾದದ್ದು ನಿಲ್ಲಲೇ ಇಲ್ಲ. ನುಚ್ಚು, ಮಜ್ಜಿಗೆ, ಗಂಜಿ, ಏನು ಹೋದರೂ ತಿರುಗಿ ಬರುತ್ತಿತ್ತು. ಹಕೀಮರು ಕೊಟ್ಟ ಔಷಧವೂ ಬಂತು. ಕಡೆಗೆ ಬರೀ ನೀರು ಕೂಡ ಒಳಗೆ ಉಳಿಯದಾಯಿತು. ತುಟಿ ಒಡೆದು, ಕಣ್ಣು ಒಳಗೆ ಹೋಗಿ, ಎದ್ದು ನಿಂತರೆ ಕತ್ತಲೆ ಬರುತ್ತಿತ್ತು. ತವರಿಗೆ ಕಳಿಸೋಣವೆಂದರೆ ಆ ಬಿಸಿಲಲ್ಲಿ ಬಂಡಿಯಲ್ಲಿ ಅಷ್ಟು ದೂರ ನಾನು ಬದುಕಿ ತಲುಪುವ ನಂಬಿಕೆ ಯಾರಿಗೂ ಇರಲಿಲ್ಲ. ಅತ್ತೆ ನನ್ನನ್ನು ಕಟ್ಟೆಯ ಮೇಲೆ ನೆರಳಿನಲ್ಲಿ ಕೌದಿ ಹಾಸಿ ಮಲಗಿಸಿ, ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದರು.

ಒಂದು ಮಧ್ಯಾಹ್ನ ಅವರು ಬೀಸಣಿಗೆ ಕೆಳಗಿಟ್ಟು ಎದ್ದರು. ಒಳಗೆ ಹೋಗಿ ತಾಮ್ರದ ಚರಿಗೆ ತಂದರು. ಸೆರಗು ಸರಿಮಾಡಿಕೊಂಡು ಓಣಿ ದಾಟಿದರು. ಓಣಿ ಎಷ್ಟು ಕಿರಿದೆಂದರೆ ಆ ಕಟ್ಟೆಯ ಮೇಲೆ ಆಡಿದ ಮಾತು ಈ ಕಟ್ಟೆಗೆ ಕೇಳುತ್ತಿತ್ತು.

"ಹುಡುಗಿ ಹೊಟ್ಟ್ಯಾಗ ಏನೂ ನಿಲ್ಲವಲ್ದು," ಎಂದರು ಅತ್ತೆ. "ನಿನ್ನ ಪಾನಕ ಒಂದೀಟು ಕೊಡು."

ಅಂದಿನ ಗಡಿಗೆ ಆಗಲೇ ಖಾಲಿಯಾಗಿತ್ತು. ಚಿಗವ್ವ ಒಂದು ಮಣೆ ತಂದು ಹಾಕಿದಳು.

"ಕುಂದರ್ರಿ ಅಕ್ಕಾರ. ಬೀಜ ನೆನೀಬೇಕು, ಚೂರು ತಡ ಆಗ್ತೈತಿ."

ಅತ್ತೆ ಕೂತರು. ಬೇರೆ ಏನು ಮಾಡುವುದು? ಚಿಗವ್ವ ಒಂದು ಬಟ್ಟಲಿನಲ್ಲಿ ಬೀಜ ಹಾಕಿ ನೀರು ಹೊಯ್ದು ಇಬ್ಬರ ನಡುವೆ ಇಟ್ಟಳು. ಬೆಲ್ಲ ಕುಟ್ಟಿ ಕರಗಿಸಿದಳು, ನಿಂಬೆಹಣ್ಣು ಹೆಚ್ಚಿದಳು. ಆಮೇಲೆ ಮಾಡಲು ಕೆಲಸವಿಲ್ಲದೆ ಅವಳೂ ಕೂತಳು. ಬೀಜವನ್ನು ಅವಸರಪಡಿಸಲು ಬರುವುದಿಲ್ಲ. ಇಬ್ಬರೂ ಬಟ್ಟಲನ್ನೇ ನೋಡುತ್ತಿದ್ದರು. ನಾನು ಮಲಗಿದಲ್ಲಿಂದಲೇ ಅವರನ್ನು ನೋಡುತ್ತಿದ್ದೆ.

ಎಷ್ಟು ಹೊತ್ತಾಯಿತೋ... ಅತ್ತೆಯ ದನಿ ಕೇಳಿಸಿತು.

"ಅವ ಕಡೀಕ ನನ್ನ ಕೇಳಿದನೇನು?"

ಆ ಪ್ರಶ್ನೆಯ ಭಾರ ನನಗೆ ಆಮೇಲೆ ತಿಳಿಯಿತು. ತಮ್ಮ ಹಾಸಿಗೆ ಹಿಡಿದಾಗ ಅತ್ತೆ ಬಾಣಂತಿ, ಮಡಿಲಲ್ಲಿ ನನ್ನ ಗಂಡ ಹಸುಗೂಸು. ಬೇನೆ ಬಿದ್ದ ಊರಿಗೆ ಕೂಸು ಕಟ್ಟಿಕೊಂಡು ಹೋಗುವುದು ಬೇಡವೆಂದು ಹಿರಿಯರು ತಡೆದಿದ್ದರು. ತಮ್ಮನ ಕೊನೆಯನ್ನು ಕಂಡವಳು ಒಬ್ಬಳೇ, ಆ ಒಬ್ಬಳ ಜೊತೆಗೇ ಇವರು ಮಾತು ಬಿಟ್ಟಿದ್ದರು.

"ಕೇಳಿದ್ರು ರೀ," ಎಂದಳು ಚಿಗವ್ವ. "ಅಕ್ಕ ಬಂದಳೇನು ಅಂದ್ರು. ಬಂದಾರ, ಹೊರಗ ಕಾಲು ತೊಳಕೊಳ್ಳಾಕತ್ತಾರ ಅಂದೆ. ಹೌದಾ ಅಂತ ಕಣ್ಣು ಮುಚ್ಚಿದ್ರು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು. ಚಿಗವ್ವ ಸ್ವಲ್ಪ ಹತ್ತಿರ ಸರಿದು ಕೂತಳು. ಆಮೇಲೆ ಬಟ್ಟಲು ಎತ್ತಿ ನೋಡಿ, ನೆನೆದವು ಎಂದಳು.

ಇಬ್ಬರೂ ಕೂಡಿಯೇ ನನ್ನ ಬಳಿ ಬಂದರು. ಗುಟುಕು ಕುಡಿಸಬೇಡಿ, ನಾಲಿಗೆಗೆ ಹಚ್ಚಿ ಎಂದು ಚಿಗವ್ವ ಹೇಳಿಕೊಟ್ಟಳು. ಅತ್ತೆ ಬೆರಳಿನಿಂದ ಹಚ್ಚಿದರು. ತಣ್ಣಗೆ, ಜಾರುತ್ತಾ, ಬೀಜಗಳು ತಾವಾಗಿಯೇ ಗಂಟಲಿಗೆ ಇಳಿದವು. ಮೂವರೂ ಕಾದೆವು. ವಾಂತಿ ಬರಲಿಲ್ಲ. ಇನ್ನೊಂದಿಷ್ಟು ಹಚ್ಚಿದರು. ಅದೂ ನಿಂತಿತು. ಸಂಜೆಯ ಹೊತ್ತಿಗೆ ಅರ್ಧ ಲೋಟ ಕುಡಿದಿದ್ದೆ. ವಾರ ಕಳೆಯುವುದರಲ್ಲಿ ಎದ್ದು ಕೂತು ಅನ್ನ ಉಂಡೆ. ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಹಿರಿಯ ಮಗ ಹುಟ್ಟಿದ. ಅವನಿಗೆ ಮೊದಲ ನೀರು ಹಾಕಿದವಳು ಚಿಗವ್ವನೇ.

ಅವಳಿಗೆ ಮಕ್ಕಳಿರಲಿಲ್ಲ. ನನ್ನ ಮಕ್ಕಳು ಎರಡೂ ಮನೆಗಳಲ್ಲಿ ಬೆಳೆದವು, ಎಲ್ಲಿ ಉಂಡವು, ಎಲ್ಲಿ ಮಲಗಿದವು ಎಂದು ನಾನು ಹುಡುಕುತ್ತಿರಲಿಲ್ಲ. ಬೇಸಿಗೆ ಬಂದರೆ ಇಬ್ಬರು ಮುದುಕಿಯರೂ ಒಂದೇ ಗಡಿಗೆಗೆ ಕೈಹಾಕುತ್ತಿದ್ದರು. ಬೆಲ್ಲ ಹೆಚ್ಚಾಯಿತು ಎಂದು ಅತ್ತೆ, ಹುಳಿ ಹೆಚ್ಚಾಯಿತು ಎಂದು ಚಿಗವ್ವ. ಆ ಜಗಳ ಮಳೆ ಬೀಳುವವರೆಗೂ ನಡೆಯುತ್ತಿತ್ತು. ಚಿಗವ್ವನ ಗಂಡ, ನಮ್ಮ ಬಂಡಿಯ ಮಾವ, ಮಾತ್ರ ಏನೂ ಹೇಳದೆ ಎರಡು ಲೋಟ ಕುಡಿದು ಹೋಗುತ್ತಿದ್ದ.

ಕೊನೆಗಾಲದಲ್ಲಿ ಅತ್ತೆಗೆ ಮರೆವು ಬಂತು. ಬಂದವರಿಗೆಲ್ಲ ತಮ್ಮನ ಸಾವಿನ ಕತೆ ಹೇಳುತ್ತಿದ್ದರು. ನಾನು ಹೋಗಿದ್ದೆ, ಹೊರಗೆ ಕಾಲು ತೊಳೆದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವನು ಕಣ್ಣು ಮುಚ್ಚಿದ ಎನ್ನುತ್ತಿದ್ದರು. ನಿಜ ತಿಳಿದ ನಾವು ತಲೆ ತಗ್ಗಿಸುತ್ತಿದ್ದೆವು. ಚಿಗವ್ವ ತಗ್ಗಿಸುತ್ತಿರಲಿಲ್ಲ.

"ಹೌದ್ರಿ, ಬಂದಿದ್ರು," ಎನ್ನುತ್ತಿದ್ದಳು. "ನಾನೇ ಕಾಲಿಗೆ ನೀರು ಕೊಟ್ಟಿದ್ದೆ."

ಅತ್ತೆ ಹೋದ ಮೇಲೆ ಚಿಗವ್ವ ಬಹಳ ವರ್ಷ ಬದುಕಲಿಲ್ಲ. ಒಂದು ಬೆಳಗ್ಗೆ ನಾನು ರೊಟ್ಟಿ ಕೊಡಲು ಹೋದಾಗ ನಿದ್ದೆಯಲ್ಲೇ ಹೋಗಿದ್ದಳು. ಮುಖದಲ್ಲಿ ಯಾವ ನೋವೂ ಇರಲಿಲ್ಲ...

ಮೊಮ್ಮಗಳು ಪಾನಕ ಹೇಗಿದೆ ಎಂದು ಕೇಳಿದಳು. ಛಲೋ ಐತಿ ಎಂದು ಪೂರ್ತಿ ಕುಡಿದೆ. ನಿಜಕ್ಕೂ ಚೆನ್ನಾಗಿತ್ತು. ಸ್ವಲ್ಪ ಸಿಹಿ ಕಡಿಮೆ ಎನ್ನಿಸಿತು, ಹೇಳಲಿಲ್ಲ. ಹೇಳಿದ್ದರೂ, ಇಲ್ಲ, ಹುಳಿಯೇ ಹೆಚ್ಚು ಎಂದು ವಾದಕ್ಕೆ ಬರುವವರು ಈಗ ಯಾರೂ ಉಳಿದಿಲ್ಲ.