ಫೋನಿನೊಳಗಿನ ಮೂಲಂಗಿ

ಅದಕ್ಕೆ ಆಟದೊಳಗೆ ಏನೋ ಒಂದು ಇಂಗ್ಲಿಷ್ ಹೆಸರಿದೆ. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ. ನಾನು ಮೂಲಂಗಿ ಎನ್ನುತ್ತೇನೆ. ಬಿಳಿ ಮೈ, ತಲೆಯ ಮೇಲೆ ಎರಡು ಎಲೆ, ಎಲೆಗಳ ನಡುವೆ ಬಿಗಿಯಾಗಿ ಮುಚ್ಚಿದ ಒಂದು ಮೊಗ್ಗು, ಕೆಳಗೆ ಬೇರುಗಳೇ ಕಾಲು. ನಾನು ನಡೆದರೆ ಫೋನಿನೊಳಗೆ ಅದೂ ನಡೆಯುತ್ತದೆ. ನಿಂತರೆ ಅದೂ ನಿಂತು ಎಲೆ ಅಲ್ಲಾಡಿಸುತ್ತದೆ. ಇಂಥ ವಿಚಿತ್ರ ಜೀವಿಗಳು ಊರೂರಿನ ಬೀದಿಗಳಲ್ಲಿ ಇರುತ್ತವಂತೆ, ಕಾಣುವುದು ಫೋನಿನಲ್ಲಿ ಮಾತ್ರ. ಹಿಡಿಯಬೇಕು, ನಡೆಸಿ ಬೆಳೆಸಬೇಕು. ಅಷ್ಟೇ ಆಟ. ಅರವತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ನಿಮಗೆ ಅನ್ನಿಸಿದರೆ ನನ್ನ ಮಂಡಿ ನೋಡುವ ಡಾಕ್ಟರನ್ನು ಕೇಳಿ. ದಿನವೂ ನಡೆಯಿರಿ ಎಂದವರು ಅವರು. ಒಬ್ಬಳೇ ನಡೆಯುವುದು ಹೇಗೆ ಎಂದು ಹೇಳಿಕೊಡಲಿಲ್ಲ.

ಅದನ್ನು ಹೇಳಿಕೊಟ್ಟವಳು ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಹುಡುಗಿ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಅವಳ ಕೆಲಸ. ನನ್ನನ್ನು ಕಾಕು ಎನ್ನುತ್ತಿದ್ದಳು. ಒಂದು ಮುಂಜಾನೆ ನನ್ನ ಫೋನು ಕಸಿದುಕೊಂಡು ಆಟ ಹಾಕಿಕೊಟ್ಟಳು. ಮರುದಿನದಿಂದ ನಾವಿಬ್ಬರೂ ಕೆರೆಯ ದಂಡೆಯವರೆಗೆ ನಡೆಯತೊಡಗಿದೆವು. ಅವಳಿಗೂ ಅಂಥದೇ ಒಂದು ಮೂಲಂಗಿ ಸಿಕ್ಕಿತ್ತು. ದಾರಿಯುದ್ದಕ್ಕೂ ಅವಳ ಮಾತು ನಿಲ್ಲುತ್ತಿರಲಿಲ್ಲ, ನನ್ನ ಬುದ್ಧಿವಾದವೂ ನಿಲ್ಲುತ್ತಿರಲಿಲ್ಲ. ಸಂಬಳ ಹೆಚ್ಚು ಮಾಡಿ ಎಂದು ಮಾಲೀಕರನ್ನು ಕೇಳುವಾಗ ನಿಂತು ಕೇಳಬೇಡ, ಕುಳಿತು ಕೇಳು, ನಿಂತವರನ್ನು ಕಳಿಸುವುದು ಸುಲಭ ಎಂದು ಹೇಳಿಕೊಟ್ಟವಳು ನಾನೇ. ಅವಳಿಗೆ ಸಂಬಳ ಹೆಚ್ಚಾಯಿತು.

ಈ ಮೂಲಂಗಿಯದೊಂದು ಕಟ್ಟಳೆ ಇದೆ. ಎಷ್ಟು ಬೆಳೆಸಿದರೂ ಮೊಗ್ಗು ತಾನಾಗಿ ಅರಳುವುದಿಲ್ಲ. ಇನ್ನೊಬ್ಬರಿಗೆ ಅದನ್ನು ಕೊಟ್ಟು ಅವರದನ್ನು ನಾವು ತೆಗೆದುಕೊಳ್ಳಬೇಕು. ಕೈ ಬದಲಾದ ಕೂಡಲೇ ಅರಳುತ್ತದೆ. ಕೊಟ್ಟದ್ದು ಮತ್ತೆ ನಮಗೆ ಬರುವುದಿಲ್ಲ. ದೂರದಿಂದ ಕೊಡಲಿಕ್ಕೂ ಆಗುವುದಿಲ್ಲ, ಎರಡು ಫೋನುಗಳೂ ಅಕ್ಕಪಕ್ಕ ಇರಬೇಕು. ಎರಡೂ ಪೂರ್ತಿ ಬೆಳೆಯಲಿ, ನಿಮ್ಮದು ನನಗೆ, ನನ್ನದು ನಿಮಗೆ ಎಂದು ಹುಡುಗಿ ಮಾತು ಕೊಟ್ಟಿದ್ದಳು.

ಅದಲು ಬದಲು ನನಗೇನು ಹೊಸದಲ್ಲ. ನಾನು ಮನೆ ಕಟ್ಟಿದ್ದೇ ಅದರ ಮೇಲೆ. ಗಂಡ ತೀರಿಕೊಂಡ ಮೇಲೆ ಸ್ಟೀಲಿನ ಪಾತ್ರೆಗಳ ಬುಟ್ಟಿ ಹೊತ್ತು ಶಿರಹಟ್ಟಿ, ಶಿಗ್ಲಿ, ಬಾಳೆಹೊಸೂರ ಎಂದು ತಿರುಗಿದೆ. ಹಳೇ ಸೀರೆ ಇಸಿದುಕೊಂಡು ಹೊಸ ಪಾತ್ರೆ ಕೊಡುವ ವ್ಯಾಪಾರ. ಕಲಿಯುವ ಮನಸ್ಸಿದ್ದವರಿಗೆ ಹೇಳುತ್ತೇನೆ: ಜರಿ ಇರುವ ಸೀರೆಯನ್ನು ಮೊದಲು ಮುಟ್ಟಬೇಡಿ, ಎಲ್ಲಕ್ಕಿಂತ ಕಡೆಗೆ ಮುಟ್ಟಿ. ಗಿರಾಕಿ ಒಂದು ಡಬರಿಯನ್ನು ಎರಡನೇ ಸಲ ಕೈಗೆತ್ತಿಕೊಂಡರೆ ಅದು ಅವಳದಾಯಿತೆಂದು ತಿಳಿಯಿರಿ. ಅವಳು ಇನ್ನೂ ಜಗ್ಗಾಡಿದರೆ ಸುಮ್ಮನೆ ಬುಟ್ಟಿ ಎತ್ತಿ ಎದ್ದು ನಿಲ್ಲಿ. ಹೊಸ್ತಿಲು ದಾಟುವುದರೊಳಗೆ ಕೂಗುತ್ತಾಳೆ. ಕೂಗದೆ ಬಿಟ್ಟವಳನ್ನು ನಾನು ಕಾಣೆ. ಹೀಗೆ ಎದ್ದು ಎದ್ದು ನಿಂತೇ ಬೆಟಗೇರಿಯಲ್ಲಿ ಸ್ವಂತ ಅಂಗಡಿ ಹಾಕಿದೆ.

ಮೂಲಂಗಿಗಳು ಎಳೆಯವಿರುವಾಗಲೇ ಹುಡುಗಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ದೀಪಾವಳಿಗೆ ಬಂದೇ ಬರುತ್ತೇನೆ, ಆಗ ಬದಲು ಮಾಡೋಣ ಎಂದು ಹೇಳಿ ಹೋದಳು. ನಾನು ಒಬ್ಬಳೇ ಕೆರೆಗೆ ಹೋಗಿ ಬಂದೆ. ಮಂಡಿ ಹಿಡಿದುಕೊಂಡ ದಿನವೂ ಹೋದೆ. ದೀಪಾವಳಿಗೆ ಮೊದಲೇ ನನ್ನದು ತಯಾರಾಗಿ ನಿಂತಿತು. ಹಬ್ಬ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ನಾನೇ ಫೋನು ಮಾಡಿದೆ. ಊಟ, ಕೆಲಸ, ಸೆಕೆ, ಮೀನಿನ ವಾಸನೆ ಎಲ್ಲ ಮಾತಾಡಿದೆವು. ಕಡೆಗೆ ಮೂಲಂಗಿಯ ಸುದ್ದಿ ತೆಗೆದೆ.

‘ಅಯ್ಯ, ಅದನ್ನ ತಗದಬಿಟ್ಟೆ ಕಾಕು. ಫೋನಿನ್ಯಾಗ ಜಾಗಾನ ಇರ್ಲಿಲ್ಲ’ ಎಂದಳು. ಆಮೇಲೆ ನಕ್ಕು, ‘ನೀವಿನ್ನೂ ಆಡ್ತೀರಿ?’ ಎಂದಳು.

ಕುಕ್ಕರ್ ಕೊಳ್ಳುವಾಗ ತಳ ಬಡಿದು ನೋಡಬೇಕು ಎಂದು ಅವಳಿಗೆ ಏನೋ ಹೇಳಿದೆ. ಫೋನು ಇಟ್ಟ ಮೇಲೆ ನೆನಪಾಯಿತು, ಅವಳು ಕುಕ್ಕರ್ ಕೊಳ್ಳುವ ಮಾತನ್ನೇ ಆಡಿರಲಿಲ್ಲ.

ಬೆಳೆದು ನಿಂತ ಮೊಗ್ಗನ್ನು ಹಾಗೇ ಬಿಡುವ ಮನಸ್ಸಾಗಲಿಲ್ಲ. ನನಗೆ ಪರಿಚಯದವರಿಗೆ ಬರಗಾಲವಿಲ್ಲ. ಸುತ್ತಲಿನ ಊರುಗಳಲ್ಲಿ ಎಷ್ಟು ಅಡುಗೆಮನೆಗಳಲ್ಲಿ ನಾನು ಕೊಟ್ಟ ತಾಟು ಇದೆಯೋ ಲೆಕ್ಕವಿಲ್ಲ. ಆದರೆ ಯಾರ ಬಾಗಿಲಿಗೆ ಹೋಗಿ ‘ನಿಮ್ಮ ಫೋನಿನೊಳಗೆ ಮೂಲಂಗಿ ಇದೆಯೇ’ ಎಂದು ಕೇಳಲಿ? ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದ್ದು ಅನುಕೂಲವಾಯಿತು. ಹಳೇ ಗಿರಾಕಿಗಳನ್ನು ನೋಡಿ ಬರುತ್ತೇನೆಂದು ಅಂಗಡಿಯಲ್ಲಿ ಹೇಳಿ, ಒಂದು ದಿನ ಶಿರಹಟ್ಟಿ, ಇನ್ನೊಂದು ದಿನ ಲಕ್ಷ್ಮೇಶ್ವರ ಎಂದು ಹೊರಡುತ್ತಿದ್ದೆ. ಈ ಆಟದಲ್ಲಿ ಜೀವಿ ಹಿಡಿಯುವವರ ಹೆಬ್ಬೆರಳು ಕೇರಂ ಬಿಲ್ಲೆ ಹೊಡೆದಂತೆ ಪರದೆಯ ಮೇಲೆ ಚಿಮ್ಮುತ್ತದೆ. ನಾನು ಬಸ್ ನಿಲ್ದಾಣಗಳಲ್ಲಿ ಕುಳಿತು ಜನರ ಹೆಬ್ಬೆರಳು ನೋಡಿದೆ. ಎಲ್ಲರ ಬೆರಳುಗಳೂ ಮೆಲ್ಲಗೆ ವಿಡಿಯೋ ಸರಿಸುತ್ತಿದ್ದವು. ಲಕ್ಷ್ಮೇಶ್ವರದಲ್ಲಿ ಕಾಲೇಜು ಹುಡುಗರ ಗುಂಪನ್ನು ಕೇಳಿದಾಗ, ಯಾರ ಫೋನು ಎತ್ತಿಕೊಂಡು ಬಂದಿರಿ ಅಜ್ಜಿ ಎಂದು ನಕ್ಕರು. ನಾನೂ ನಕ್ಕೆ. ಬೇರೇನು ಮಾಡುವುದು?

ಮುಂಡರಗಿಯಲ್ಲಿ ಕಡೆಗೂ ಆ ಹೆಬ್ಬೆರಳು ಕಂಡಿತು. ಗದಗಿನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಅದರ ಕಂಡಕ್ಟರ್, ಖಾಕಿ ತೊಟ್ಟ ಹೆಣ್ಣುಮಗಳು, ಕಂಬಕ್ಕೆ ಆನಿಕೊಂಡು ಬೆರಳು ಚಿಮ್ಮುತ್ತಿದ್ದಳು. ಹೋಗಿ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತು, ಎಲೆ ಇರುವಂಥದು ನಿನ್ನ ಹತ್ತಿರ ಇದೆಯೇ ಎಂದು ಕೇಳಿದೆ.

‘ನೀವೂ ಆಡ್ತೀರೇನ್ರಿ ಯವ್ವಾ?’

‘ಯಾಕ, ಇದಕ್ಕೂ ಆಧಾರ ಕಾರ್ಡ ತೋರಸ್ಬೇಕೇನು?’

ಅವಳು ನಕ್ಕು ಪಕ್ಕದಲ್ಲಿ ಕುಳಿತಳು. ಅವಳ ಹತ್ತಿರ ಮೂಲಂಗಿ ಇತ್ತು. ಮೊಗ್ಗು ಬಲಿತಿತ್ತು, ಮೈ ನೋಡಿದರೆ ನನ್ನದರ ಅರ್ಧವೂ ಇಲ್ಲ. ಅಷ್ಟು ದಿನ ಹುಡುಕಿದ್ದು ಸಿಕ್ಕಿದೆ, ಸುಮ್ಮನೆ ಕೊಟ್ಟು ತೆಗೆದುಕೊಳ್ಳಬೇಕೋ ಬೇಡವೋ? ನನ್ನ ಬಾಯಿ ಕೇಳಬೇಕಲ್ಲ.

‘ನಿಂದು ಭಾಳ ಸಣಕಲ ಐತಲ್ಲ ತಂಗಿ. ಮ್ಯಾಲ ಏನರ ಕೊಡ್ಬೇಕು ಮತ್ತ.’

‘ನಾ ಏನ್ ಕೊಡ್ಲಿರಿ? ಟಿಕೆಟಂತೂ ಸರಕಾರನ ಫುಕಟ್ ಕೊಟ್ಟೈತಿ.’

ನಾನು ಚೀಲ ಎತ್ತಿಕೊಂಡು ಎದ್ದು ನಿಂತೆ. ಹೋಗಬೇಕೆಂದಲ್ಲ, ಮೈಗೆ ಹತ್ತಿದ ರೂಢಿ. ಎರಡು ಹೆಜ್ಜೆಯನ್ನೂ ಇಟ್ಟೆ. ಅವಳು ಕೂಗಲಿಲ್ಲ. ತಲೆ ಎತ್ತದೆ ಹೇಳಿದಳು:

‘ಹೋಗ್ರಿ ಮತ್ತ. ಈ ದಾರಿ ಮ್ಯಾಗ ಇದನ್ನ ಆಡಾಕಿ ನಾ ಒಬ್ಬಾಕಿನ. ನನಗದು ರೂಢಿ ಆಗೇತಿ.’

ಅದರಲ್ಲಿ ಸಿಟ್ಟಿರಲಿಲ್ಲ, ಚೌಕಾಶಿಯೂ ಇರಲಿಲ್ಲ. ಮರಳಿ ಬಂದು ಕುಳಿತು, ಮೇಲೆ ಏನೂ ಬೇಡ, ನಡೆ ಎಂದೆ.

ಎರಡು ಫೋನುಗಳನ್ನೂ ಜೋಡಿಸಿದೆವು. ನನ್ನ ಪರದೆಯಲ್ಲಿ ಮೂಲಂಗಿ ಎಲೆ ಅಲ್ಲಾಡಿಸುತ್ತ ನಿಂತಿತ್ತು. ಅದರ ಕೆಳಗೆ ‘ಸಿಕ್ಕ ಊರು: ಬೆಟಗೇರಿ’ ಎಂದು ಬರೆದಿತ್ತು. ಒತ್ತುವುದೊಂದೇ ಬಾಕಿ. ಬೆರಳು ಇಳಿಯಲಿಲ್ಲ. ನಾನು ಬುಟ್ಟಿ ಹೊತ್ತ ದಿನಗಳಲ್ಲಿ ಕೆಲವು ಹೆಂಗಸರು ಪಾತ್ರೆ ಒಳಗಿಟ್ಟು ಬಂದ ಮೇಲೂ ಸೀರೆಯ ಗಂಟನ್ನು ಎದೆಗೊತ್ತಿ ನಿಲ್ಲುತ್ತಿದ್ದರು. ಯಾರು ಉಡುತ್ತಾರೆ ಇದನ್ನು ಎಂದು ಕೇಳುತ್ತಿದ್ದರು. ಬಿಸಿಲೇರುತ್ತದೆ, ಮುಂದಿನ ಓಣಿ ಕಾಯುತ್ತಿದೆ ಎಂಬ ಅವಸರದಲ್ಲಿ ನಾನು ಯಾವುದೋ ಬಡ ಬಾಣಂತಿಯ ಹೆಸರು ಹೇಳಿ ಗಂಟು ಎಳೆದುಕೊಳ್ಳುತ್ತಿದ್ದೆ.

‘ದಿನಾ ಅಡ್ಡಾಡಸ್ತಿಯೇನವಾ ಇದನ್ನ?’ ಎಂದು ಕೇಳಿದೆ.

ಅವಳು ಹೌದು ಎಂದುಬಿಡಬಹುದಿತ್ತು. ಸ್ವಲ್ಪ ಯೋಚಿಸಿದಳು. ‘ಬಸ್ಸಿನ್ಯಾಗ ಹೋದದ್ದು ಅದಕ್ಕ ನಡದಂಗ ಅಲ್ಲರಿ. ಡಿಪೋದಿಂದ ಮನಿತನಕ ನಡೀತೇನಿ. ಅಷ್ಟ.’

ಅಷ್ಟು ಸಾಕು ಎಂದು ಒತ್ತಿದೆ.

ಅವಳ ಫೋನಿನಲ್ಲಿ ಮೊಗ್ಗು ಬಿಚ್ಚಿಕೊಂಡಿತು. ಕುಸುಬೆ ಹೂವಿನ ಕೇಸರಿ ಬಣ್ಣ, ಮೈಯನ್ನೇ ಮುಚ್ಚುವಷ್ಟು ಅಗಲದ ಎಸಳು. ಅವಳು ಫೋನನ್ನು ನನ್ನತ್ತ ಹಿಡಿದು ತೋರಿಸಿದಳು. ನನ್ನ ಫೋನಿನಲ್ಲಿ ಅವಳ ಸಣಕಲೂ ಅರಳಿತು, ಅಂಥದೇ ಹೂವು, ಕೆಳಗೆ ಮುಂಡರಗಿ ಎಂದು ಬರೆದಿತ್ತು. ಮಂಗಳೂರಿಗೆ ಒಂದು ಫೋಟೋ ಕಳಿಸೋಣವೆಂದು ಕೈ ಮುಂದಾಯಿತು. ಕಳಿಸಲು ನನ್ನದು ನನ್ನ ಫೋನಿನಲ್ಲಿ ಇರಲಿಲ್ಲ.

ಡ್ರೈವರ್ ಹಾರ್ನ್ ಒತ್ತಿದ. ಗದಗಿಗೆ ಅಲ್ಲವೇ, ಬನ್ನಿ, ಮುಂದಿನ ಸೀಟು ಖಾಲಿ ಇದೆ ಎಂದು ಅವಳು ಕರೆದಳು. ನಾನು ಹೋಗಬೇಕಾದದ್ದು ಅದೇ ಬಸ್ಸಿಗೆ. ಊರಲ್ಲಿ ಸ್ವಲ್ಪ ಕೆಲಸವಿದೆ ಎಂದೆ. ಯಾವ ಕೆಲಸವೂ ಇರಲಿಲ್ಲ. ಅವಳ ಚೀಲದೊಳಗೆ ನನ್ನ ಮೂಲಂಗಿ ಹೋಗುತ್ತಿರುವಾಗ ನಾನು ಎದುರಿನ ಸೀಟಿನಲ್ಲಿ ಕುಳಿತು ಗದಗಿನವರೆಗೆ ಏನು ಮಾತಾಡಲಿ?

ಸೀಟಿ ಊದಿ ಅವಳು ಬಾಗಿಲೆಳೆದುಕೊಂಡಳು. ಬಸ್ಸು ತಿರುವು ದಾಟುವವರೆಗೆ ನೋಡಿದೆ. ಮುಂದಿನ ಬಸ್ಸಿಗೆ ಎಷ್ಟು ಹೊತ್ತಿದೆಯೆಂದು ಯಾರನ್ನೂ ಕೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಫೋನು ಕೈಯಲ್ಲಿ ಹಿಡಿದು, ನಿಲ್ದಾಣದ ಸುತ್ತ ನಡೆಯಲು ಹೊರಟೆ. ಹೊಸದು ಹೂವಿನ ಭಾರಕ್ಕೆ ಅತ್ತಿತ್ತ ವಾಲುತ್ತ ಹಿಂದೆ ಉಳಿಯುತ್ತಿತ್ತು. ನನ್ನ ನಡಿಗೆ ಅದಕ್ಕಿನ್ನೂ ಗೊತ್ತಿರಲಿಲ್ಲ.